ಕುದುರೆಯ ಬಾಯಿಗೆ ಬಂದ ವಜೀರ

ನಶ್ಯದ ವಾಸನೆ ಬಂದರೆ ಈಗಲೂ ನನಗೆ ಚದುರಂಗದ ಮಣೆ ನೆನಪಾಗಿ ಹೇಸಿಕೆಯಾಗುತ್ತದೆ.

ಸೊಲ್ಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ, ಅಜ್ಜ ನನ್ನನ್ನು ಗಾದಿಯ ಮೇಲೆ ಕೂಡಿಸಿಕೊಂಡು ಆಟ ಕಲಿಸುತ್ತಿದ್ದ. “ವಜೀರ ಹೋದ್ರ ಆಟನ ಹೋತು,” ಎಂದು ತಪ್ಪಿದಾಗೆಲ್ಲ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದ. ಅವತ್ತು ಮೊದಲ ಸಲ ನನ್ನನ್ನು ಹೊರಗಿನವರ ಜೊತೆ ಆಡಲು ಕೂಡಿಸಿದ. ನಿಜಕ್ಕೂ ಎಷ್ಟು ಕಲಿತಿದ್ದೇನೆ ಎಂದು ನೋಡುವ ಆಸೆ ನನಗೆ.

ಎದುರಿಗೆ ಅಕ್ಕಲಕೋಟದ ವ್ಯಾಪಾರಿ. ಹಬ್ಬದ ಮಾಲು ತಮಗೇ ಮೊದಲು ಸಿಗಲೆಂದು ಬಂದವರು. ನಶ್ಯ ಏರಿಸಿ, ಮೂಗಿನಿಂದ ಇಳಿದ ಕಂದು ಸಿಂಬಳ ಒರೆಸಿಕೊಂಡ ಬೆರಳಲ್ಲೇ ವಜೀರನನ್ನು ಎತ್ತಿ ನನ್ನ ಕುದುರೆಯ ಬಾಯಿಗೆ ಇಟ್ಟರು.

“ಕಾಕಾ, ವಜೀರ ಹೋಗ್ತದರಿ,” ಎಂದೆ.

“ಹೋಗ್ಲಿ ಬಿಡವ್ವಾ. ನಿನ್ನ ಮುಂದ ನಾವೆಲ್ಲಿ ನಿಂದರ್ತೀವಿ?” ಎಂದವರು ಅಜ್ಜನತ್ತ ತಿರುಗಿದರು. “ಸಾವಕಾರ್ರ, ಹಬ್ಬದ ಚಾದರದ ಮೊದಲನೇ ಗಂಟು ನಮ್ದ ಅಲ್ಲರಿ?”

ಅಜ್ಜ ಹಲ್ಲು ಕಿಸಿದ. “ಹೊಡಿ, ಹೊಡಿ! ಏನ್ ನೋಡ್ತಿ?”

ಅಂಟಂಟಾಗಿದ್ದ ವಜೀರನನ್ನು ಫ್ರಾಕಿನ ಅಂಚಿನಿಂದ ಹಿಡಿದು, ಅದು ಮೊದಲಿದ್ದಲ್ಲೇ ಇಟ್ಟೆ. “ಮತ್ತೊಮ್ಮೆ ಆಡ್ರಿ.”

ಅಜ್ಜ ನಕ್ಕು ವ್ಯಾಪಾರಿಗೆ ಹೇಳಿದ: “ಸಣ್ಣಾಕಿ ಅದಾಳರಿ. ಆಟ ಇನ್ನೂ ತಿಳಿವಲ್ದು.”