ಸರೋವರದ ತಳದ ದೀಪ

ಬೈರಿಗೆ ಮಂಜುಗಡ್ಡೆ ಕೊರೆಯುವ ಸದ್ದು ಜೋರಾಗಿ ಕೇಳುತ್ತಿದ್ದರೂ ಪರದೆಯ ಮೇಲಿನ ಹಳೆಯ ವಿಡಿಯೊದ ಮಬ್ಬು ಬೆಳಕಿನಲ್ಲಿ ಒಂದು ಮೀನೂ ಮಿಸುಕಲಿಲ್ಲ. ಮರುಕ್ಷಣ ನೀರೊಳಗಿನ ಕ್ಯಾಮೆರಾದ ದೀಪ ಹೊತ್ತಿತು. ಸರೋವರದ ತಳದಲ್ಲಿ ಒತ್ತೊತ್ತಾಗಿ ಚಳಿಗಾಲ ಕಳೆಯುತ್ತಿದ್ದ ಮೀನುಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಸಂಶೋಧಕಿ ವಿಡಿಯೊವನ್ನು ಅಲ್ಲೇ ನಿಲ್ಲಿಸಿದಳು. ಗಂಟೆಗೊಮ್ಮೆ ಆ ದೀಪ ಹೊತ್ತುವಂತೆ ಇಟ್ಟವಳು ಅವಳೇ.

ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಹಾಕುವ ಅಜ್ಜನ ಬೈರಿಗೆಯ ಸದ್ದಿಗೆ ಬೆದರಿ, ದಣಿದು ಮೀನುಗಳು ಸತ್ತವೆಂದು ಅವಳು ವರದಿ ಬರೆದಿದ್ದಳು, ಈ ವಿಡಿಯೊವನ್ನು ಪೂರ್ತಿ ನೋಡದೆಯೇ. ಆ ವರದಿಯಿಂದಾಗಿ ಅಜ್ಜನ ಮೀನು ಹಿಡಿಯುವ ಪರವಾನಗಿ ರದ್ದಾಗಿ ತಿಂಗಳಾಗಿತ್ತು.

ಈಗ ಅಜ್ಜ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದ, ಬಟ್ಟೆ ಸುತ್ತಿದ ಬೈರಿಗೆಯನ್ನು ತಬ್ಬಿಕೊಂಡು. "ಇದನ್ನ ನೀವೇ ಇಟ್ಕೊಳ್ಳಿ ಅಮ್ಮ, ಕ್ಯಾಮೆರಾ ಇಳಿಸೋಕಾಗುತ್ತೆ. ನನಗಿನ್ನು ಮುಟ್ಟೋಕೂ ಮನಸ್ಸಿಲ್ಲ."

ಲ್ಯಾಪ್‌ಟಾಪ್ ಮುಚ್ಚಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಕೈ ಅದರ ಅಂಚಿನವರೆಗೂ ಹೋಯಿತು. ಆಮೇಲೆ ಪರದೆಯನ್ನು ಅವನ ಕಡೆಗೆ ತಿರುಗಿಸಿ, ವಿಡಿಯೊವನ್ನು ಮೊದಲಿಂದ ಹಾಕಿದಳು. "ನೋಡಿ ಅಜ್ಜ. ಅವನ್ನ ಕೊಂದಿದ್ದು ನೀವಲ್ಲ, ನನ್ನ ದೀಪ. ಇವತ್ತೇ ಹಾಗಂತ ಬರೆದು ಕಳಿಸ್ತೀನಿ."

ಅಜ್ಜ ಕಣ್ಣು ಕಿರಿದು ಮಾಡಿ ಕೊನೆಯವರೆಗೂ ನೋಡಿದ.

"ಅವನ್ನ ಸುಮ್ಮಸುಮ್ಮನೆ ಸಾಯಿಸಿಬಿಟ್ಟೆ ಅಂತ ದಿನಾ ದಡದಲ್ಲಿ ನಿಂತು ಅಳ್ತಿದ್ದೆನಲ್ಲಮ್ಮ," ಎಂದ.