ಹಿತ್ತಿಲ ಬಾಗಿಲಿನ ಹೆಪ್ಪು

ಕನ್ಸೋಲ್ ಆಟದೊಳಗೆ ಹೊಸ ಬಡಾವಣೆ ಬಿಡುಗಡೆಯಾದಾಗ ಎಲ್ಲರ ಹಾಗೆ ಪಂಕಜಮ್ಮನೂ ಒಂದು ಮನೆ ಹಿಡಿದು ಅಲ್ಲೇ ನೆಲೆಸಿದರು. ಅವಸರದಲ್ಲಿ ಕಟ್ಟಿದ ಬಡಾವಣೆ, ದೋಷಗಳಿಗೇನೂ ಬರವಿರಲಿಲ್ಲ. ಹಸುಗಳು ಗೋಡೆಯಲ್ಲಿ ಅರ್ಧ ಹುದುಗಿ ನಿಂತೇ ಮೆಲುಕು ಹಾಕುತ್ತಿದ್ದವು. ಪ್ರತಿ ಶುಕ್ರವಾರ ಬೆಳಿಗ್ಗೆ ಆಟದ ಕಂಪನಿಯಿಂದ ಪ್ಯಾಚ್ ಎಂಬ ತಿದ್ದುಪಡಿ ಬಂದು ಒಂದೊಂದನ್ನೇ ಸರಿಮಾಡಿ ಹೋಗುತ್ತಿತ್ತು.

ಪಂಕಜಮ್ಮನ ಮನೆಯ ದೋಷ ಹಿತ್ತಿಲ ಬಾಗಿಲು. ತೆಗೆದರೆ ಹಿತ್ತಿಲಿಲ್ಲ, ಅವರು ಹುಟ್ಟಿದ ಮನೆಯ ಅಡುಗೆಮನೆ. ಅಲ್ಲಿ ಇನ್ನೂ ಮೂವತ್ತು ದಾಟದ ಅಮ್ಮ ಒಲೆ ಊದುತ್ತಿರುತ್ತಿದ್ದಳು. ತಲೆ ನರೆತ ಮಗಳನ್ನು ಅಕ್ಕಪಕ್ಕದವರು ಯಾರೋ ಅಂದುಕೊಂಡು "ಬನ್ನಿ ಅಕ್ಕಾ" ಎನ್ನುತ್ತಿದ್ದಳು. ಪಂಕಜಮ್ಮ ದಿನವೂ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಹೋಗಿ ಬರುವರು. ಈ ದೋಷವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಗುರುವಾರ ಸಂಜೆ ಎದುರುಮನೆಯ ಕೋಕಿಲಾ ಬಂದು, "ನಿಮ್ಮ ಹಿತ್ತಿಲಿಂದ ಹೊಗೆ ಬರುತ್ತಲ್ಲ, ಕಂಪನಿಯವರಿಗೆ ನಾನೇ ಹೇಳಿದೀನಿ ಕಣ್ರೀ. ನಾಳೆ ಸರಿಹೋಗುತ್ತೆ" ಎಂದಳು.

ಅವಳು ಹೋದದ್ದೇ ಪಂಕಜಮ್ಮ ಬಟ್ಟಲು ಹಿಡಿದು ಬಾಗಿಲು ತೆಗೆದರು. ಅಲ್ಲಿ ಆಗಲೇ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಅಮ್ಮ ಯಾರಿಗೂ ಹೆಪ್ಪು ಕೊಟ್ಟವಳಲ್ಲ. ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುವಳು.

"ಹೊತ್ತಾಯ್ತಲ್ಲ ಅಕ್ಕಾ, ಬೆಳಿಗ್ಗೆ ಬನ್ನಿ."

"ಬೆಳಿಗ್ಗೆ ಬರೋಕಾಗಲ್ಲ," ಎಂದರು ಪಂಕಜಮ್ಮ.

ಅಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ನೆಲುವಿನಿಂದ ಮೊಸರಿನ ಗಡಿಗೆ ಇಳಿಸಿ ಬಟ್ಟಲ ತುಂಬ ಸುರಿದಳು.

"ಹೊರಗಿನವರಿಗೆ ಕೊಡಬಾರದು. ನಿನಗೆ ಕೊಟ್ಟರೆ ಏನೂ ಆಗಲ್ಲ. ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೋಗು, ಪಂಕೂ."