ಎಲ್ಲಕ್ಕಿಂತ ಹೆಚ್ಚು ಕೇಳಿದ ಹಾಡು

ಸ್ಕೂಟರಿನಿಂದ ಬಿದ್ದ ಮಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. "ಅವಳಿಗೆ ಇಷ್ಟವಾದ ಹಾಡು ಹಾಕಿ ನೋಡಿ ತಾಯಿ. ಸಂಜೆಯೊಳಗೆ ಒಂದು ಬೆರಳಾದರೂ ಅಲುಗದಿದ್ದರೆ ಕಷ್ಟ" ಎಂದು ಹೇಳಿ ಡಾಕ್ಟರು ಹೊರಟುಹೋದರು.

ವಿಶಾಲಾಕ್ಷಿ ಕಂಗಾಲಾದಳು. ಎರಡೆರಡು ಪಾಳಿ ದುಡಿಯುವ ತಾಯಿಗೆ ಹಾಸ್ಟೆಲ್ಲಿನಲ್ಲಿದ್ದ ಮಗಳ ಇಷ್ಟ ಏನು ಗೊತ್ತು? ಮಗಳ ಫೋನನ್ನೇ ತಡಕಿದಳು. ಹೆಚ್ಚು ಕೇಳಿದ ಹಾಡುಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ತಾಳ ಜಾಗಟೆಯ ಒಂದು ಭಜನೆ! ದೇವರಮನೆಗೆ ಇಣುಕಿಯೂ ನೋಡದವಳಿಗೆ ಇಷ್ಟು ಭಕ್ತಿಯೇ ಎಂದು ಬೆರಗಾದಳು. ಅದನ್ನೇ ಹಾಕಿ ಮಗಳ ಕಿವಿಯ ಬಳಿ ಹಿಡಿದಳು.

ಅಷ್ಟರಲ್ಲಿ ನೋಡಲು ಬಂದ ಹಾಸ್ಟೆಲ್ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಆಂಟಿ, ಅದನ್ಯಾಕೆ ಹಾಕಿದ್ರಿ?"

"ದಿನಾ ಇದನ್ನೇ ಕೇಳ್ತಿದ್ಲಲ್ಲಮ್ಮ?"

"ಕೇಳೋದಾ? ಅದು ಬೆಳಗಿನ ಅಲಾರಾಂ ಆಂಟಿ! ಇಷ್ಟದ ಹಾಡಿಟ್ರೆ ಕೇಳ್ತಾ ಮಲಗೇಬಿಡ್ತೀನಿ ಅಂತ, ಬೇಕಂತಲೇ ಮೈ ಉರಿಯೋದನ್ನ ಇಟ್ಕೊಂಡಿದ್ಲು. ಜಾಗಟೆ ಕೇಳಿದ್ರೇ ಕಿರುಚೋಳು."

ವಿಶಾಲಾಕ್ಷಿ ತನ್ನನ್ನೇ ಹಳಿದುಕೊಂಡಳು. ಹೆತ್ತವಳಾಗಿ ಇಷ್ಟೂ ತಿಳಿಯದೆ ಹೋಯಿತೇ? ಇಂಥ ಹೊತ್ತಿನಲ್ಲೂ ಮಗುವಿಗೆ ಬೇಡದ್ದನ್ನೇ ಕೊಟ್ಟೆನಲ್ಲ! ಅವಸರದಲ್ಲಿ ಆರಿಸಹೋದಾಗ ಫೋನು ಕೈಯಿಂದ ಜಾರಿ ದಿಂಬಿನ ಮೇಲೆ ಬಿತ್ತು. ಜಾಗಟೆ ಬಾರಿಸುತ್ತಲೇ ಇತ್ತು.

ಅವಳು ಬಗ್ಗುವ ಮೊದಲೇ, ಸೂಜಿ ಚುಚ್ಚಿದ ಕೈಯೊಂದು ಮೆಲ್ಲಗೆ ಎದ್ದು, ಅಲಾರಾಂ ಆರಿಸಲು ದಿಂಬಿನ ಸುತ್ತ ತಡಕಾಡತೊಡಗಿತು.